ನೋವು ಒಂದು ಕಡೆ, ಸೂಜಿ ಇನ್ನೊಂದು ಕಡೆ: ಅಕ್ಯುಪಂಕ್ಚರ್ ಬಿಂದುಗಳನ್ನು ನಿಮ್ಮ ನೋವಿಗೆ ಹೊಂದಿಸಿ ನೋಡುವ ಬಗೆ

"ಭುಜ ನೋವೆಂದು ಹೋದರೆ ಮೊಣಕಾಲ ಕೆಳಗೆ ಸೂಜಿ ಚುಚ್ಚಿದರು, ಇದು ಸರಿಯೇ?" "ತಲೆನೋವಿಗೆ ಕೈಯಲ್ಲಿರುವ ಬಿಂದುವನ್ನು ಒತ್ತಬೇಕಂತೆ, ಏಕೆ?" "ಒತ್ತಿದಾಗ ನೋಯುವ ಜಾಗವೇ ಅಕ್ಯುಪಂಕ್ಚರ್ ಬಿಂದುವೇ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಂದೊಂದಕ್ಕೂ ಬಿಡಿಯಾಗಿ ಉತ್ತರಿಸುವ ಬದಲು, ನಿಮ್ಮ ನೋವನ್ನು ನೀವೇ ಸರಿಯಾಗಿ ಗುರುತಿಸಿಕೊಂಡು, ಅದಕ್ಕೂ ಬಿಂದುಗಳಿಗೂ ಇರುವ ನಂಟನ್ನು ಹಂತ ಹಂತವಾಗಿ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಈ ಇಡೀ ವಿಷಯದಲ್ಲಿ ಗೊಂದಲ ಹುಟ್ಟುವುದು ಒಂದೇ ಕಡೆ. "ನೋವಿನ ಜಾಗ" ಎಂದು ನಾವು ಹೇಳುವಾಗ ಅದರೊಳಗೆ ಮೂರು ಜಾಗಗಳು ಸೇರಿಕೊಂಡಿರುತ್ತವೆ. ನೋವು ಅನುಭವಕ್ಕೆ ಬರುವ ಜಾಗ ಒಂದು. ಬೆರಳಿನಿಂದ ಒತ್ತಿದರೆ ನೋಯುವ ಜಾಗ ಇನ್ನೊಂದು. ನೋವಿಗೆ ಕಾರಣವಾದ ತೊಂದರೆ ಕುಳಿತಿರುವ ಜಾಗ ಮೂರನೆಯದು. ಕಾಲ್ಬೆರಳು ಎಡವಿದಾಗ ಮೂರೂ ಒಂದೇ. ಹಳೆಯ ಬೆನ್ನುನೋವು, ಕತ್ತುನೋವು, ತಲೆನೋವುಗಳಲ್ಲಿ ಮೂರೂ ಬೇರೆ ಬೇರೆ ಇರುವುದೇ ಹೆಚ್ಚು. ಅಕ್ಯುಪಂಕ್ಚರ್ ತಜ್ಞರು ಬಿಂದುಗಳನ್ನು ಆರಿಸಿಕೊಳ್ಳುವುದು ಮುಖ್ಯವಾಗಿ ಮೊದಲ ಎರಡನ್ನು ನೋಡಿ. ಮೂರನೆಯದನ್ನು ಪತ್ತೆಮಾಡುವುದು ವೈದ್ಯರ ತಪಾಸಣೆಯ ಕೆಲಸ. ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಕಷ್ಟವಿಲ್ಲ.

ಮೊದಲು ಬೇಕಾಗುವುದು

ಒಂದು ಬಿಳಿ ಹಾಳೆ, ಎರಡು ಬಣ್ಣದ ಪೆನ್ನು, ನಿಮ್ಮ ಹಳೆಯ ವೈದ್ಯಕೀಯ ವರದಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಹಾಳೆಯ ಮೇಲೆ ಮನುಷ್ಯದೇಹದ ಹೊರಗೆರೆಯನ್ನು ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕಗಳಿಂದ ಬರೆದುಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ತಿಳಿದರೆ ಸಾಕು. ಪಕ್ಕದ ಚಿತ್ರಗಳನ್ನು ಮಾತ್ರ ಬಿಡಬೇಡಿ. ನೋವು ದೇಹದ ಪಕ್ಕದಲ್ಲಿ ಇಳಿಯುತ್ತದೆಯೋ ಹಿಂದೆ ಇಳಿಯುತ್ತದೆಯೋ ಎಂಬುದರ ಮೇಲೆಯೇ ಬಿಂದುಗಳ ಆಯ್ಕೆ ನಿಲ್ಲುತ್ತದೆ.

ಕೆಲವು ಪದಗಳ ಪರಿಚಯವೂ ಬೇಕು.

ಪಥ ಅಥವಾ ಮೆರಿಡಿಯನ್: ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಿಂದುಗಳನ್ನು ಸಾಲಾಗಿ ಜೋಡಿಸುವ ಕಾಲ್ಪನಿಕ ರೇಖೆ. ದೇಹದ ಎಡಬಲಗಳಲ್ಲಿ ಜೋಡಿಯಾಗಿ ಹರಿಯುವ ಪಥಗಳು 12. ದೇಹದ ನಟ್ಟನಡುವೆ ಮುಂದೊಂದು, ಹಿಂದೊಂದು. ಈ 14 ಪಥಗಳಲ್ಲಿ ಒಟ್ಟು 361 ಬಿಂದುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾನಕ ಪಟ್ಟಿ ಗುರುತಿಸುತ್ತದೆ. ಪಥದ ಹೆಸರಿನ ಇಂಗ್ಲಿಷ್ ಅಕ್ಷರಗಳು ಮತ್ತು ಒಂದು ಅಂಕಿ ಸೇರಿ ಬಿಂದುವಿನ ಸಂಕೇತವಾಗುತ್ತದೆ. ಎಲ್‌ಐ 4 ಎಂದರೆ ದೊಡ್ಡ ಕರುಳಿನ ಪಥದ ನಾಲ್ಕನೆಯ ಬಿಂದು. ಎಸ್‌ಟಿ ಜಠರದ್ದು, ಬಿಎಲ್ ಮೂತ್ರಕೋಶದ್ದು, ಜಿಬಿ ಪಿತ್ತಕೋಶದ್ದು, ಎಸ್‌ಐ ಸಣ್ಣ ಕರುಳಿನದು, ಎಲ್‌ಆರ್ ಯಕೃತ್ತಿನದು. ಇಲ್ಲೊಂದು ಎಚ್ಚರಿಕೆ: "ಪಿತ್ತಕೋಶದ ಪಥದಲ್ಲಿ ನೋವಿದೆ" ಎಂದು ತಜ್ಞರು ಹೇಳಿದರೆ ನಿಮ್ಮ ಪಿತ್ತಕೋಶ ಕೆಟ್ಟಿದೆ ಎಂದರ್ಥವಲ್ಲ. ಅದು ರೇಖೆಯ ಹೆಸರು, ಅಷ್ಟೇ. ಇದನ್ನು ತಪ್ಪಾಗಿ ತಿಳಿದು ಸುಮ್ಮನೆ ಹೆದರಿಕೊಂಡವರು ಅನೇಕರು.

ಚುನ್: ಬಿಂದುಗಳನ್ನು ಅಳೆಯುವ ಮಾನ. ಇದು ಸೆಂಟಿಮೀಟರಿನಂತೆ ಎಲ್ಲರಿಗೂ ಒಂದೇ ಅಲ್ಲ. ರೋಗಿಯ ಸ್ವಂತ ದೇಹದ ಅಳತೆ. ರೋಗಿಯ ಹೆಬ್ಬೆರಳಿನ ಗಿಣ್ಣಿನ ಅಗಲ ಒಂದು ಚುನ್. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳುಗಳನ್ನು ಜೋಡಿಸಿದರೆ ಮೂರು ಚುನ್. ಬೇರೆಯವರ ಬೆರಳಿನಿಂದ ನಿಮ್ಮ ಕಾಲನ್ನು ಅಳೆದರೆ ಬಿಂದು ತಪ್ಪುತ್ತದೆ.

ಆಶಿ ಬಿಂದು: ಪಟ್ಟಿಯಲ್ಲಿ ಸ್ಥಾನವಿಲ್ಲದ, ಒತ್ತಿದಾಗ ನೋಯುತ್ತದೆ ಎಂಬ ಕಾರಣಕ್ಕಾಗಿಯೇ ಆರಿಸಿಕೊಳ್ಳುವ ಜಾಗ. ಏಳನೆಯ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವೋ ಇವನ್ನು ದಾಖಲಿಸಿದ್ದಾನೆ.

ಟ್ರಿಗರ್ ಪಾಯಿಂಟ್: ಇದು ಆಧುನಿಕ ವೈದ್ಯಶಾಸ್ತ್ರದ ಪದ. ಬಿಗಿದುಕೊಂಡ ಸ್ನಾಯುವಿನ ಎಳೆಯಲ್ಲಿ ಕೈಗೆ ಸಿಗುವ ಸಣ್ಣ ಗಂಟಿನಂಥ ಜಾಗ. ಅದನ್ನು ಒತ್ತಿದರೆ ಅಲ್ಲಿ ಮಾತ್ರವಲ್ಲದೆ ದೂರದಲ್ಲೆಲ್ಲೋ ನೋವು ಕಾಣಿಸಿಕೊಳ್ಳುತ್ತದೆ.

ಹಂತ 1: ಬಿಂದು ಹುಡುಕುವ ನೋವೇ ಇದು, ಎಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ದಾಟಿಸಿ ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಳಗಿನ ಅಂಗದ ತೊಂದರೆ ಮೈಮೇಲೆ ಬೇರೆಲ್ಲೋ ನೋವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಹೃದಯದ ನೋವು ಎಡಗೈಯ ಒಳಬದಿಯಲ್ಲಿ, ದವಡೆಯಲ್ಲಿ, ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ತಿಳಿಯುತ್ತದೆ. ಪಿತ್ತಕೋಶದ್ದು ಬಲ ಹೆಗಲಿಗೆ ಬರಬಹುದು. ಮೂತ್ರಪಿಂಡದ ಕಲ್ಲಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ಅಪೆಂಡಿಕ್ಸ್ ಊದಿದಾಗ ನೋವು ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲ ಕೆಳಹೊಟ್ಟೆಗೆ ಸರಿಯುತ್ತದೆ.

ಹೃದಯದ ಪಥ ಎಂದು ಹೆಸರಿಟ್ಟಿರುವ ರೇಖೆ ಕಂಕುಳಿನಿಂದ ಹೊರಟು ಕೈಯ ಒಳಬದಿಯಲ್ಲಿ ಸಾಗಿ ಕಿರುಬೆರಳಿನಲ್ಲಿ ಮುಗಿಯುತ್ತದೆ. ಹೃದಯದ ನೋವು ಕೈಗೆ ಇಳಿಯುವ ದಾರಿಯೂ ಹೆಚ್ಚುಕಡಿಮೆ ಅದೇ. ಹಿಂದಿನವರ ಗಮನಿಸುವಿಕೆ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಆದರೆ ಎದೆ ಹಿಂಡಿ ಬೆವರುತ್ತಿರುವಾಗ ಆ ಪಥದ ಬಿಂದುವನ್ನು ಒತ್ತುತ್ತಾ ಕೂರುವುದು ಪ್ರಾಣಕ್ಕೆ ಎರವು.

ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಆಸ್ಪತ್ರೆ: ಎದೆನೋವಿನ ಜೊತೆ ಬೆವರು ಅಥವಾ ಉಸಿರುಕಟ್ಟುವಿಕೆ, ಜೀವಮಾನದಲ್ಲೇ ಕಾಣದಷ್ಟು ತೀವ್ರವಾಗಿ, ಹಠಾತ್ತನೆ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು, ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಕಾಲಿನ ಬಲ ಕುಸಿಯುವುದು, ಬಿದ್ದು ಪೆಟ್ಟಾದ ಮೇಲಿನ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವುದು ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದುದು, ಐವತ್ತು ದಾಟಿದವರಿಗೆ ಹೊಸದಾಗಿ ಬಂದ ತಲೆನೋವಿನ ಜೊತೆ ಅಗಿಯುವಾಗ ದವಡೆ ನೋಯುವುದು, ತಲೆ ಬಾಚಿಕೊಂಡರೆ ನೆತ್ತಿ ನೋಯುವುದು, ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು. ಈ ಕೊನೆಯದು ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಲಕ್ಷಣವಾಗಿರಬಹುದು. ಅಂಥ ಕಾಲನ್ನು ಒತ್ತಲೂಬಾರದು, ತಿಕ್ಕಲೂಬಾರದು.

ಹಂತ 2: ಅನುಭವಕ್ಕೆ ಬರುವ ನೋವನ್ನು ಹಾಳೆಯ ಮೇಲೆ ಇಳಿಸಿ

ಒಂದು ಬಣ್ಣದ ಪೆನ್ನು ತೆಗೆದುಕೊಳ್ಳಿ. ಯಾವುದನ್ನೂ ಒತ್ತದೆ, ಸುಮ್ಮನೆ ಕುಳಿತು, ನೋವು ಎಲ್ಲಿದೆ ಎಂದು ಗಮನಿಸಿ. ಅದನ್ನು ಒಂದು ಬೆರಳಿನಿಂದ ತೋರಿಸಬಲ್ಲಿರಾ, ಅಂಗೈಯನ್ನೇ ಇಡಬೇಕಾಗುತ್ತದೆಯೇ, ಅಥವಾ ಮೇಲಿನಿಂದ ಕೆಳಕ್ಕೆ ಕೈ ಸವರಿ ತೋರಿಸಬೇಕೇ? ಈ ಮೂರು ಸನ್ನೆಗಳು ಮೂರು ಬಗೆಯ ನೋವನ್ನು ಹೇಳುತ್ತವೆ. ಬೆರಳಿನಿಂದ ತೋರಿಸುವ ನೋವು ಸಾಮಾನ್ಯವಾಗಿ ಹತ್ತಿರದ ಸ್ನಾಯುರಜ್ಜು, ಕೀಲುಗಳಿಗೆ ಸಂಬಂಧಿಸಿದ್ದು. ಅಂಗೈಯಗಲದ, ಇಲ್ಲೇ ಎಂದು ಹೇಳಲಾಗದ ಮೊಂಡು ನೋವು ಆಳದ ಸ್ನಾಯುವಿನಿಂದಲೋ ಬೇರೆಡೆಯಿಂದಲೋ ಬಂದಿರಬಹುದು. ಗೆರೆ ಎಳೆದಂತೆ ಚುಳ್ಳನೆ ಇಳಿಯುವ, ಜೋಮು ಹಿಡಿಸುವ ನೋವು ನರದ ಕಡೆಗೆ ಬೊಟ್ಟುಮಾಡುತ್ತದೆ.

ಹಾಳೆಯ ಮೇಲೆ ಗೆರೆ, ಚುಕ್ಕೆ, ಮಸಿಬಳಿದ ಜಾಗ, ಇವನ್ನು ಬೇರೆ ಬೇರೆಯಾಗಿಯೇ ಬರೆಯಿರಿ. ಪಕ್ಕದಲ್ಲಿ ನೋವಿನ ತೀವ್ರತೆಗೆ 0ಯಿಂದ 10ರವರೆಗೆ ಒಂದು ಅಂಕ ಕೊಡಿ. ಯಾವ ಚಲನೆಯಲ್ಲಿ ಹೆಚ್ಚುತ್ತದೆ, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನೂ ಸೇರಿಸಿ. ಒಂದು ವಾರ ಹೀಗೆ ಮಾಡಿ. ಒಂದೇ ದಿನದ ಚಿತ್ರವನ್ನು ನಂಬಬೇಡಿ. ಹಳೆಯ ನೋವು ಜಾಗ ಬದಲಿಸುತ್ತಿರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ರೋಗದ ಹೆಸರನ್ನು ಬರೆಯುವುದು. "ಸಯಾಟಿಕಾ", "ಫ್ರೋಜನ್ ಶೋಲ್ಡರ್", "ಗ್ಯಾಸ್" ಎಂದು ಬರೆದಿಟ್ಟರೆ ಜಾಗ ಮರೆಯಾಗಿ ಹೆಸರೊಂದೇ ಉಳಿಯುತ್ತದೆ.

ಹಂತ 3: ಒತ್ತಿ ನೋಡಿ

ಎರಡನೆಯ ಬಣ್ಣ ಈಗ ಬೇಕು. ಹೆಬ್ಬೆರಳಿನ ಮೆತ್ತನೆಯ ಭಾಗದಿಂದ, ಉಗುರು ತಾಗದಂತೆ, ನಿಧಾನವಾಗಿ ಒತ್ತಡ ಹೆಚ್ಚಿಸಿ. ಒತ್ತುತ್ತಿರುವ ಬೆರಳಿನ ಉಗುರು ಬಿಳಚಿಕೊಂಡರೆ ಅಷ್ಟು ಸಾಕು. ಪ್ರತಿ ಜಾಗವನ್ನೂ ದೇಹದ ಇನ್ನೊಂದು ಬದಿಯ ಅದೇ ಜಾಗದ ಜೊತೆ ಹೋಲಿಸಿ. ಕೆಲವು ಜಾಗಗಳು ಆರೋಗ್ಯವಂತರಿಗೂ ಒತ್ತಿದರೆ ನೋಯುತ್ತವೆ; ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಎಲ್‌ಐ 4 ಅಂಥದ್ದು. ಎರಡೂ ಬದಿ ಸಮನಾಗಿ ನೋಯುತ್ತಿದ್ದರೆ ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ.

ಗಂಟಲಿನ ಎರಡು ಪಕ್ಕಗಳಲ್ಲಿ ನಾಡಿ ಬಡಿಯುವ ಜಾಗ, ಕಣ್ಣುಗುಡ್ಡೆ, ಉಬ್ಬಿದ ರಕ್ತನಾಳ, ಗಾಯ, ಗಡ್ಡೆ, ಇವುಗಳನ್ನು ಒತ್ತಬಾರದು.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಭುಜದ ಮುಂಭಾಗ ನೋಯುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಎಷ್ಟು ಒತ್ತಿದರೂ ವಿಶೇಷವಾಗಿ ಏನೂ ಸಿಗುವುದಿಲ್ಲ. ಮನೆಯವರೊಬ್ಬರನ್ನು ಕರೆದು, ಬೆನ್ನಿನ ಮೇಲ್ಭಾಗದಲ್ಲಿ ತ್ರಿಕೋನಾಕಾರದ ಚಪ್ಪಟೆ ಹೆಗಲಮೂಳೆಯ ನಡುಭಾಗವನ್ನು ಒತ್ತಲು ಹೇಳಿ. ಹಗ್ಗದಂತೆ ಬಿಗಿದ ಎಳೆಯೊಂದು ಬೆರಳಿನಡಿ ಅಡ್ಡ ಸಿಗಬಹುದು. ಅದರ ಮೇಲೆ ಎಂಟು ಹತ್ತು ಸೆಕೆಂಡು ಬೆರಳು ನಿಂತರೆ, ಒತ್ತುತ್ತಿರುವುದು ಬೆನ್ನಿನಲ್ಲಿ, ನೋವು ಮಾತ್ರ ಭುಜದ ಮುಂಭಾಗದಲ್ಲಿ ಏಳುತ್ತದೆ! "ಇದೇ, ನನಗೆ ದಿನಾ ಬರುವ ನೋವು" ಎಂದು ರೋಗಿ ಗುರುತಿಸುತ್ತಾರೆ. ಅಲ್ಲಿರುವ ಸ್ನಾಯುವಿನ ಟ್ರಿಗರ್ ಪಾಯಿಂಟ್ ನೋವನ್ನು ಭುಜದ ಮುಂದಕ್ಕೆ ಕಳಿಸುವುದು ಚೆನ್ನಾಗಿ ದಾಖಲಾದ ಸಂಗತಿ. ಅಕ್ಯುಪಂಕ್ಚರ್‌ನ ಎಸ್‌ಐ 11 ಬಿಂದು ಇರುವುದೂ ಅಲ್ಲೇ, ಹೆಗಲಮೂಳೆಯ ಆ ತಗ್ಗಿನಲ್ಲೇ.

ಇನ್ನೊಂದನ್ನು ನೀವೇ ನೋಡಿಕೊಳ್ಳಬಹುದು. ಕತ್ತಿನ ಬುಡಕ್ಕೂ ಭುಜದ ತುದಿಗೂ ನಡುವೆ, ಹೆಗಲ ಮೇಲೆ ಭಾರ ಹೊರುವ ಜಾಗದಲ್ಲಿ ಜಿಬಿ 21 ಇದೆ. ಕತ್ತು ಬಗ್ಗಿಸಿ ದಿನವಿಡೀ ಕೂತು ಕೆಲಸಮಾಡುವ ಬಹುತೇಕರಿಗೆ ಇಲ್ಲಿ ಬಿಗಿತವಿರುತ್ತದೆ. ಇದನ್ನು ಹಿಡಿದು ಒತ್ತಿದರೆ ಕೆಲವರಿಗೆ ಕತ್ತಿನ ಪಕ್ಕದಲ್ಲಿ ಮೇಲೇರಿ, ಕಿವಿಯ ಹಿಂದೆ ಸುತ್ತಿ, ಕಣತಲೆಯವರೆಗೆ ನೋವು ಹೋಗುತ್ತದೆ. ಪಿತ್ತಕೋಶದ ಪಥದ ರೇಖೆಯೂ ಕಣ್ಣಿನ ಹೊರತುದಿಯಲ್ಲಿ ಶುರುವಾಗಿ, ಕಣತಲೆ, ಕಿವಿಯ ಹಿಂಭಾಗಗಳನ್ನು ಸುತ್ತಿ, ಕತ್ತಿನಲ್ಲಿ ಇಳಿದು ಇದೇ ಹೆಗಲಿಗೆ ಬರುತ್ತದೆ. ಒಂದು ಸಾವಿರಾರು ವರ್ಷ ಹಳೆಯ ನಕ್ಷೆ, ಇನ್ನೊಂದು ಇಪ್ಪತ್ತನೆಯ ಶತಮಾನದ ಸ್ನಾಯುಪರೀಕ್ಷೆ. ಎರಡರ ದಾರಿಯೂ ಒಂದಾಗುವುದನ್ನು ಕಂಡಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

ಒತ್ತಿದಾಗ ಸಿಕ್ಕ ಜಾಗಗಳನ್ನು ಎರಡನೆಯ ಬಣ್ಣದಲ್ಲಿ ಗುರುತಿಸಿ. ದೂರಕ್ಕೆ ನೋವು ಹೋಗಿದ್ದರೆ ಬಾಣದ ಗುರುತು ಹಾಕಿ. ಎರಡು ಬಣ್ಣಗಳು ಎಲ್ಲಿ ಕೂಡಿವೆ, ಎಲ್ಲಿ ದೂರವಾಗಿವೆ ಎಂಬುದು ಈಗ ಕಣ್ಣಿಗೆ ಕಾಣುತ್ತದೆ.

ಹಂತ 4: ನೋವು ಯಾವ ಪಥದ ಮೇಲೆ ಕೂತಿದೆ ನೋಡಿ

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದೆಯೋ, ಪಕ್ಕದಲ್ಲೋ, ಹಿಂದೆಯೋ?

ತಲೆನೋವು ಹಣೆಯಲ್ಲಿದ್ದರೆ ಜಠರದ ಪಥ, ಕಣತಲೆಯಲ್ಲಿದ್ದರೆ ಪಿತ್ತಕೋಶದ ಪಥ, ಹಿಂದಲೆಯಲ್ಲಿದ್ದರೆ ಮೂತ್ರಕೋಶದ ಪಥ, ನೆತ್ತಿಯಲ್ಲಿದ್ದರೆ ಯಕೃತ್ತಿನ ಪಥ. ಭುಜದ ಮುಂಭಾಗಕ್ಕೆ ಶ್ವಾಸಕೋಶದ ಮತ್ತು ದೊಡ್ಡ ಕರುಳಿನ ಪಥಗಳು, ಹೊರಬದಿಗೆ ಟಿಇ ಎಂಬ ಸಂಕೇತದ ಪಥ, ಹಿಂಭಾಗಕ್ಕೆ ಸಣ್ಣ ಕರುಳಿನ ಪಥ. ಮೊಣಕೈಯ ಹೊರಬದಿಯ ನೋವು ದೊಡ್ಡ ಕರುಳಿನ ಪಥಕ್ಕೆ ಸೇರುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ನೋವು ತೊಡೆಯ ಹಿಂದೆ, ಮಂಡಿಯ ಹಿಂದೆ, ಮೀನಖಂಡದ ಮೇಲೆ ಹೋದರೆ ಮೂತ್ರಕೋಶದ ಪಥ. ತೊಡೆಯ ಹೊರಬದಿ, ಕಾಲಿನ ಹೊರಬದಿಗಳಲ್ಲಿ ಇಳಿದರೆ ಪಿತ್ತಕೋಶದ ಪಥ. ಮೊಣಕಾಲಿನ ಮುಂಭಾಗ ಜಠರದ ಪಥದ್ದು. ಒಳಬದಿಯಲ್ಲಿ ಗುಲ್ಮ, ಯಕೃತ್ತು, ಮೂತ್ರಪಿಂಡಗಳ ಮೂರು ಪಥಗಳು ಒತ್ತೊತ್ತಾಗಿ ಸಾಗುತ್ತವೆ. ಅಲ್ಲಿ ಯಾವುದು ಯಾವುದೆಂದು ನೀವು ತಲೆಕೆಡಿಸಿಕೊಳ್ಳಬೇಡಿ, ತಜ್ಞರಿಗೆ ಬಿಡಿ.

ನೋವು ಎರಡು ಪಥಗಳ ಮೇಲೆ ಹರಡಿಕೊಂಡಿರುವುದು ಅಪರೂಪವೇನಲ್ಲ. ರೇಖೆಗೆ ಸರಿಹೊಂದಲಿ ಎಂದು ನಿಮ್ಮ ಚಿತ್ರವನ್ನು ತಿದ್ದಬೇಡಿ.

ಹಂತ 5: ದೂರದ ಬಿಂದುವಿನ ಲೆಕ್ಕ ತಿಳಿದುಕೊಳ್ಳಿ

ತಜ್ಞರು ಸಾಮಾನ್ಯವಾಗಿ ಮೂರು ಬಗೆಯ ಬಿಂದುಗಳನ್ನು ಕಲಸಿ ಬಳಸುತ್ತಾರೆ: ನೋವಿನ ಜಾಗದ್ದೇ ಆದವು, ಅದರ ಅಕ್ಕಪಕ್ಕದವು, ಮತ್ತು ಅದೇ ಪಥದಲ್ಲಿ ಅಥವಾ ಅದಕ್ಕೆ ನಂಟಿರುವ ಪಥದಲ್ಲಿ ಮೊಣಕೈ ಅಥವಾ ಮೊಣಕಾಲಿಗಿಂತ ಕೆಳಗೆ ಇರುವ ದೂರದವು. ಮೊಣಕಾಲ ಕೆಳಗೆ ಸೂಜಿ ಬೀಳುವುದು ಈ ಮೂರನೆಯ ಲೆಕ್ಕದಲ್ಲಿ.

ದೊಡ್ಡ ಕರುಳಿನ ಪಥವನ್ನು ತೆಗೆದುಕೊಳ್ಳಿ. ತೋರುಬೆರಳ ತುದಿಯಲ್ಲಿ ಹೊರಟು, ಕೈಯ ಹೊರಬದಿಯಲ್ಲಿ ಮೇಲೇರಿ, ಭುಜ, ಕತ್ತು, ಕೆನ್ನೆಗಳನ್ನು ಹಾದು, ಮೇಲ್ದುಟಿಯ ಮೇಲೆ ಇನ್ನೊಂದು ಬದಿಗೆ ದಾಟಿ ಮೂಗಿನ ಪಕ್ಕದಲ್ಲಿ ಅದು ಮುಗಿಯುತ್ತದೆ. ಆದ್ದರಿಂದಲೇ ಹಲ್ಲು, ಮುಖ, ಹಣೆಗಳ ನೋವಿಗೆ ಕೈಯಲ್ಲಿರುವ ಎಲ್‌ಐ 4. ಹಿಂದಲೆ, ಕತ್ತು ಹಿಡಿದುಕೊಂಡಾಗ ಅಂಗೈ ಅಂಚಿನಲ್ಲಿ ಕಿರುಬೆರಳ ಬುಡದ ಗೆಣ್ಣಿನ ಹಿಂದಿರುವ ಎಸ್‌ಐ 3. ಸೊಂಟನೋವಿಗೆ ಮಂಡಿಯ ಹಿಂಬದಿಯ ಮಡಿಕೆಯ ನಡುವಿನ ಬಿಎಲ್ 40. ಕಣತಲೆ ನೋವಿಗೆ ಪಾದದ ಮೇಲೆ ನಾಲ್ಕನೆಯ ಮತ್ತು ಐದನೆಯ ಬೆರಳುಗಳ ಮೂಳೆಗಳು ಕೂಡುವ ಕಡೆಯ ಜಿಬಿ 41. ನೆತ್ತಿಯ ನೋವಿಗೆ ಪಾದದ ಮೇಲೆ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಮೂಳೆಗಳ ನಡುವಿನ ಎಲ್‌ಆರ್ 3. ಭುಜ ಮೇಲೆತ್ತಲಾಗದವರಿಗೆ ಬಳಸುವ ಎಸ್‌ಟಿ 38, ಮೊಣಕಾಲಿಗೂ ಪಾದದ ಗಿಣ್ಣಿಗೂ ಸರಿಯಾಗಿ ನಡುವೆ, ಮುಂಗಾಲಿನ ಮೂಳೆಯ ಅಂಚಿನಿಂದ ಒಂದು ಬೆರಳಿನಷ್ಟು ಹೊರಗಿದೆ. ದೂರದ ಬಿಂದುವಿನಲ್ಲಿ ಸೂಜಿ ಇಟ್ಟುಕೊಂಡೇ ನೋಯುವ ಭುಜವನ್ನು ಮೆಲ್ಲಗೆ ಆಡಿಸಲು ಅನೇಕ ತಜ್ಞರು ಹೇಳುತ್ತಾರೆ. ನೋವಿರುವ ಬದಿಯನ್ನು ಬಿಟ್ಟು ಎದುರು ಬದಿಗೆ ಚುಚ್ಚುವ ಪದ್ಧತಿಯೂ ಚೀನಾದ ಪ್ರಾಚೀನ ಗ್ರಂಥಗಳಲ್ಲಿದೆ. ಬಲಗೈ ನೋವಿಗೆ ಎಡಗೈಗೆ ಚುಚ್ಚಿದರೆ ತಜ್ಞರು ಬದಿ ಮರೆತಿದ್ದಾರೆಂದು ಭಾವಿಸಬೇಕಾಗಿಲ್ಲ, ಕೇಳಿ ತಿಳಿದುಕೊಳ್ಳಿ.

ಹಂತ 6: ನರಗಳ ಲೆಕ್ಕದಲ್ಲೂ ಒಮ್ಮೆ ಓದಿ

ಪಥಗಳಿಗೆ ಹೊಂದುವ ನಾಳವೊಂದನ್ನು ದೇಹದೊಳಗೆ ಯಾರೂ ತೋರಿಸಿಲ್ಲ. ನೋವು ದೂರದಲ್ಲಿ ಕಾಣಿಸಿಕೊಳ್ಳುವುದಕ್ಕೆ ಮಾತ್ರ ಗಟ್ಟಿಯಾದ ನರವೈಜ್ಞಾನಿಕ ವಿವರಣೆಯಿದೆ. ಚರ್ಮ, ಸ್ನಾಯು, ಒಳ ಅಂಗಗಳಿಂದ ಬರುವ ನರಗಳು ಬೆನ್ನುಹುರಿಯ ಒಂದೇ ಮಟ್ಟದಲ್ಲಿ, ಅನೇಕ ವೇಳೆ ಒಂದೇ ನರಕೋಶದ ಮೇಲೆ ಬಂದು ಸೇರುತ್ತವೆ. ಒಂದೇ ಬಾಗಿಲಿನಿಂದ ಬಂದ ಇಬ್ಬರಲ್ಲಿ ಕದ ತಟ್ಟಿದವರು ಯಾರೆಂದು ಒಳಗಿರುವವರಿಗೆ ತಿಳಿಯದಂತೆ, ಸಂಕೇತ ಹೃದಯದಿಂದ ಬಂತೋ ಕೈಯಿಂದ ಬಂತೋ ಎಂದು ಮಿದುಳಿಗೆ ಗೊತ್ತಾಗುವುದಿಲ್ಲ. ಅದು ತನಗೆ ಹೆಚ್ಚು ಪರಿಚಯವಿರುವ ಕೈಯನ್ನೇ ಹೆಸರಿಸುತ್ತದೆ. ಒಳ ಅಂಗದ ತೊಂದರೆಯಲ್ಲಿ ಚರ್ಮದ ಯಾವ ಪಟ್ಟಿ ಸೂಕ್ಷ್ಮವಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ನರತಜ್ಞ ಹೆನ್ರಿ ಹೆಡ್ 1890ರ ದಶಕದಲ್ಲಿ ನಕ್ಷೆ ಮಾಡಿದ. 1938ರಲ್ಲಿ ಕೆಲ್‌ಗ್ರೆನ್ ಎಂಬ ವೈದ್ಯ ಸ್ನಾಯುಗಳಿಗೆ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು, ಚುಚ್ಚಿದ ಜಾಗದಿಂದ ದೂರದಲ್ಲಿ ನೋವು ಮೂಡುವುದನ್ನು ತೋರಿಸಿದ.

ಈ ಕಣ್ಣಿನಿಂದ ನೋಡಿದರೆ ಬೆನ್ನಿನ ಬಿಂದುಗಳಿಗೆ ಅರ್ಥ ಸಿಗುತ್ತದೆ. ಬೆನ್ನೆಲುಬಿನ ಪಕ್ಕದಲ್ಲಿ ಒಂದೂವರೆ ಚುನ್ ದೂರದಲ್ಲಿ ಸಾಲಾಗಿರುವ ಮೂತ್ರಕೋಶ ಪಥದ ಬಿಂದುಗಳಲ್ಲಿ ಶ್ವಾಸಕೋಶದ ಹೆಸರಿನದು ಮೇಲೆ, ಹೃದಯದ್ದು ಅದರ ಕೆಳಗೆ, ಯಕೃತ್ತಿನದು ಇನ್ನೂ ಕೆಳಗೆ, ಮೂತ್ರಪಿಂಡದ್ದು ಸೊಂಟದಲ್ಲಿದೆ. ಆಯಾ ಅಂಗಗಳಿಗೆ ಬೆನ್ನುಹುರಿಯಿಂದ ಹೋಗುವ ನರಗಳ ಕ್ರಮವೂ ಸುಮಾರಾಗಿ ಹೀಗೆಯೇ.

ಹಾಗಾದರೆ ಟ್ರಿಗರ್ ಪಾಯಿಂಟ್‌ಗಳೂ ಅಕ್ಯುಪಂಕ್ಚರ್ ಬಿಂದುಗಳೂ ಒಂದೇ ಏನು? ನೋವಿನ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ರೊನಾಲ್ಡ್ ಮೆಲ್ಝಾಕ್ ಮತ್ತು ಸಂಗಡಿಗರು 1977ರಲ್ಲಿ ಶೇ 71ರಷ್ಟು ಹೊಂದಿಕೆ ಇದೆ ಎಂದು ಬರೆದರು. ಈ ಅಂಕಿ ಎಲ್ಲೆಡೆ ಉಲ್ಲೇಖವಾಗುತ್ತಲೇ ಇದೆ. ಆದರೆ 2003ರಲ್ಲಿ ಅಕ್ಯುಪಂಕ್ಚರ್ ಸಂಶೋಧಕ ಸ್ಟೀಫನ್ ಬರ್ಚ್ ಆ ಹೋಲಿಕೆಯನ್ನು ಮರುಪರಿಶೀಲಿಸಿ, ಅದು ನಿಲ್ಲುವುದಿಲ್ಲ, ಟ್ರಿಗರ್ ಪಾಯಿಂಟ್‌ಗಳಿಗೆ ನಿಜವಾಗಿ ಹತ್ತಿರವಿರುವುದು ಆಶಿ ಬಿಂದುಗಳು ಎಂದು ವಾದಿಸಿದರು. ನನಗೆ ಬರ್ಚ್ ಅವರ ಮಾತೇ ಸರಿ ಎನಿಸುತ್ತದೆ. 361 ಬಿಂದುಗಳು ದೇಹದ ತುಂಬ ಇರುವಾಗ ಯಾವ ಚುಕ್ಕೆ ಇಟ್ಟರೂ ಹತ್ತಿರದಲ್ಲೊಂದು ಬಿಂದು ಸಿಕ್ಕೇ ಸಿಗುತ್ತದೆ. ಹೊಂದಿಕೆಗೆ ಬೆಲೆ ಬರಬೇಕಾದರೆ ಜಾಗ ಮಾತ್ರವಲ್ಲ, ಆ ಬಿಂದುವನ್ನು ಹಿಂದಿನಿಂದ ಯಾವ ನೋವಿಗೆ ಬಳಸುತ್ತಾ ಬಂದಿದ್ದಾರೆ ಎಂಬುದೂ ಹೊಂದಬೇಕು. ಜಿಬಿ 21, ಎಸ್‌ಐ 11ರಂಥ ಕಡೆ ಅದು ಹೊಂದುತ್ತದೆ. ಎಲ್ಲ ಕಡೆ ಅಲ್ಲ.

ಹಂತ 7: ಬಿಂದು ಎಷ್ಟು ಕರಾರುವಾಕ್ಕಾಗಿರಬೇಕು?

ಜರ್ಮನಿಯಲ್ಲಿ 1,162 ಮಂದಿ ಸೊಂಟನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. ಆರು ತಿಂಗಳ ನಂತರ ಗುಣ ಕಂಡವರು ಪದ್ಧತಿಯಂತೆ ಚುಚ್ಚಿಸಿಕೊಂಡವರಲ್ಲಿ ಶೇ 47.6, ಬಿಂದುಗಳಲ್ಲದ ಜಾಗದಲ್ಲಿ ಆಳವಿಲ್ಲದೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಔಷಧ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಸೂಜಿಯ ಎರಡೂ ಗುಂಪು ರೂಢಿಯ ಚಿಕಿತ್ಸೆಯನ್ನು ಮೀರಿಸಿದವು, ಆದರೆ ತಮ್ಮತಮ್ಮಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ದತ್ತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ನಿಜವಾದ ಅಕ್ಯುಪಂಕ್ಚರ್ ಹೋಲಿಕೆಗಾಗಿ ತೋರಿಕೆಗಷ್ಟೇ ಮಾಡಿದ್ದಕ್ಕಿಂತ ಸ್ವಲ್ಪ ಮೇಲು, ಏನೂ ಚುಚ್ಚದಿರುವುದಕ್ಕಿಂತ ಸಾಕಷ್ಟು ಮೇಲು ಎಂದು ಕಂಡಿತು.

ಇದರಿಂದ ಜಾಗಕ್ಕೆ ಬೆಲೆಯೇ ಇಲ್ಲ ಎನ್ನಲಾಗದು. 2021ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಹಿಂಗಾಲಿನ ಎಸ್‌ಟಿ 36ಕ್ಕೆ ಕೊಟ್ಟ ಮೆಲುವಿದ್ಯುತ್ ದೇಹದ ಉರಿಯೂತವನ್ನು ತಗ್ಗಿಸಿತು. ಹೊಟ್ಟೆಯ ಎಸ್‌ಟಿ 25ಕ್ಕೆ ಕೊಟ್ಟದ್ದು ತಗ್ಗಿಸಲಿಲ್ಲ. ಅದಕ್ಕೆ ಬೇಕಾದ ಬಗೆಯ ನರತಂತು ಕಾಲಿನ ಆಳದಲ್ಲಿತ್ತು, ಹೊಟ್ಟೆಯಲ್ಲಿರಲಿಲ್ಲ. ಅದು ಉರಿಯೂತದ ಪ್ರಯೋಗ, ನೋವಿನದಲ್ಲ, ಇಲಿಗಳದು, ಮನುಷ್ಯರದಲ್ಲ. ಆದರೂ ನರ ಎಲ್ಲಿದೆಯೋ ಅಲ್ಲಿ ಪರಿಣಾಮ ಎಂಬ ಸುಳಿವು ಅದರಲ್ಲಿದೆ. ನಿಮ್ಮ ಮಟ್ಟಿಗೆ ಇದರರ್ಥ: ಕೂದಲೆಳೆಯಷ್ಟು ಬಿಂದು ತಪ್ಪಿತೆಂದು ಕೊರಗಬೇಡಿ. ಸರಿಯಾದ ಪ್ರದೇಶ, ಒತ್ತಿದಾಗ ಸಿಗುವ ಸ್ಪಂದನೆ, ಇವೆರಡು ಮುಖ್ಯ.

ಹಂತ 8: ಮನೆಯಲ್ಲಿ ಒತ್ತುವುದಾದರೆ

ಸೂಜಿ ತಜ್ಞರದು, ಬೆರಳು ನಿಮ್ಮದು. ಮನೆಯಲ್ಲಿ ಸೂಜಿ ಚುಚ್ಚಿಕೊಳ್ಳುವ ಸಾಹಸ ಖಂಡಿತ ಬೇಡ.

ನೋಯುವ ಹತ್ತಿರದ ಬಿಂದು ಒಂದು, ದೂರದ ಬಿಂದು ಒಂದು, ಇಷ್ಟನ್ನೇ ಆರಿಸಿಕೊಳ್ಳಿ. ಎಲ್‌ಐ 4 ಒತ್ತುವಾಗ ಬೆರಳುಗಳ ನಡುವಿನ ಚರ್ಮವನ್ನು ಹಿಂಡಿದರೆ ಪ್ರಯೋಜನವಿಲ್ಲ. ತೋರುಬೆರಳಿನ ಕಡೆಯ ಮೂಳೆಯ ನಡುಭಾಗದತ್ತ ಒತ್ತಬೇಕು. ಭಾರವಾದ, ಜೋಮಿನಂಥ, ಸಹಿಸಬಹುದಾದ ನೋವು ಬಂದರೆ ಜಾಗ ಸರಿಯಿದೆ. ಒಂದೊಂದು ಬಿಂದುವನ್ನು ಒಂದೆರಡು ನಿಮಿಷ ಒತ್ತಿ, ಬಿಟ್ಟು, ನೋಯುವ ಭಾಗವನ್ನು ಆಡಿಸಿ ನೋಡಿ. ವಿದ್ಯುತ್ ಹೊಡೆದಂತೆ ಚುಳ್ಳೆಂದರೆ ನರದ ಮೇಲೆ ಬೆರಳಿದೆ, ಜಾಗ ಬದಲಿಸಿ. ಮರುದಿನ ಕಂದಿದ ಗುರುತು ಬಿದ್ದಿದ್ದರೆ ಒತ್ತಡ ಹೆಚ್ಚಾಗಿದೆ.

ಗರ್ಭಿಣಿಯರು ಎಲ್‌ಐ 4, ಜಿಬಿ 21, ಕಾಲಿನ ಒಳಬದಿಯಲ್ಲಿ ಗಿಣ್ಣಿನಿಂದ ಮೂರು ಚುನ್ ಮೇಲಿರುವ, ಗುಲ್ಮದ ಪಥದ ಎಸ್‌ಪಿ 6, ಇವುಗಳನ್ನು ಸಂಪ್ರದಾಯದ ಪ್ರಕಾರ ಒತ್ತಬಾರದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆಸವೆತ ಇರುವವರು, ಮಧುಮೇಹದಿಂದ ಪಾದದ ಸ್ಪರ್ಶ ಕುಂದಿರುವವರು ವೈದ್ಯರನ್ನು ಕೇಳದೆ ಬಲವಾಗಿ ಒತ್ತುವುದು ಬೇಡ.

ಹಂತ 9: ಹಾಳೆಯನ್ನು ತಜ್ಞರ ಮುಂದಿಡಿ

ತರಬೇತಿ, ಪರವಾನಗಿಗಳನ್ನು ವಿಚಾರಿಸಲು ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮ ಎದುರೇ ಒಡೆಯಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ನಿಮ್ಮ ಚಿತ್ರವನ್ನು ತೋರಿಸಿ, "ಇದರಲ್ಲಿ ಹತ್ತಿರದ ಬಿಂದು ಯಾವುದು, ದೂರದ್ದು ಯಾವುದು, ಏಕೆ?" ಎಂದು ಕೇಳಿ. ಒಳ್ಳೆಯ ತಜ್ಞರು ಚುಚ್ಚುವ ಮೊದಲು ಬೆರಳಿನಿಂದ ಒತ್ತಿ ನೋಡುತ್ತಾರೆ. ಪೇಸ್‌ಮೇಕರ್ ಇದ್ದರೆ ತಪ್ಪದೆ ಹೇಳಿ, ಸೂಜಿಗೆ ವಿದ್ಯುತ್ ಹಾಯಿಸುವ ವಿಧಾನ ನಿಮಗೆ ಬೇಡ. ಮೊದಲ ಸಲ ಮಲಗಿಯೇ ಚುಚ್ಚಿಸಿಕೊಳ್ಳಿ, ಕೆಲವರಿಗೆ ತಲೆಸುತ್ತು ಬರುತ್ತದೆ.

ಹೆಗಲ ಮೇಲೆ, ಎದೆಯ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ ಚರ್ಮಕ್ಕೂ ಶ್ವಾಸಕೋಶಕ್ಕೂ ನಡುವಿನ ಅಂತರ ಕಡಿಮೆ. ಜಿಬಿ 21ರಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ. ಇದು ಅಪರೂಪ, ಆದರೆ ಲಕ್ಷಣ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು. ಮನೆಗೆ ಬಂದ ಮೇಲೆ ಉಸಿರಾಡುವಾಗ ಎದೆ ಚುಚ್ಚಿದರೆ, ಏದುಸಿರು ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಸೂಜಿ ಚುಚ್ಚಿಸಿಕೊಂಡ ವಿಷಯವನ್ನು ಮೊದಲು ಹೇಳಿ.

ಹಂತ 10: ನೋವು ಸರಿದ ದಾರಿಯನ್ನು ಬರೆದಿಡಿ

ಪ್ರತಿ ಸಲದ ನಂತರ ಹೊಸ ಚಿತ್ರ ಬರೆಯಿರಿ. ಅಂಕ 6ರಿಂದ 4ಕ್ಕೆ ಇಳಿಯುವುದು, ಅಂದರೆ ಎರಡು ಅಂಕ ಅಥವಾ ಶೇ 30ರಷ್ಟು ತಗ್ಗುವುದು, ನೋವಿನ ಸಂಶೋಧನೆಯಲ್ಲಿ ಗಣನೀಯ ಸುಧಾರಣೆ ಎನಿಸಿಕೊಳ್ಳುತ್ತದೆ. ಅಂಕದಷ್ಟೇ ಗಮನ ಜಾಗದ ಮೇಲೂ ಇರಲಿ. ಬೆನ್ನಿನಿಂದ ಪಾದದವರೆಗೆ ಇಳಿಯುತ್ತಿದ್ದ ನೋವು ತೊಡೆಗೆ, ಆಮೇಲೆ ಪೃಷ್ಠಕ್ಕೆ ಸೀಮಿತವಾಗುತ್ತಾ ಬಂದರೆ, ಸೊಂಟದಲ್ಲಿ ನೋವು ಉಳಿದಿದ್ದರೂ ಅದು ಒಳ್ಳೆಯ ಸೂಚನೆ. ಸೊಂಟದಲ್ಲೇ ಇದ್ದದ್ದು ಕೆಳಗಿಳಿಯತೊಡಗಿದರೆ, ಜೋಮು ಹೊಸದಾಗಿ ಸೇರಿಕೊಂಡರೆ ಸೂಜಿ ನಿಲ್ಲಿಸಿ ವೈದ್ಯರನ್ನು ಕಾಣಿ. ಆರು ಸಲ ಚಿಕಿತ್ಸೆಯಾದ ಮೇಲೂ ಮೊದಲ ಚಿತ್ರಕ್ಕೂ ಕೊನೆಯದಕ್ಕೂ ವ್ಯತ್ಯಾಸವಿಲ್ಲದಿದ್ದರೆ, ಇನ್ನಷ್ಟು ಬಿಂದುಗಳನ್ನು ಸೇರಿಸಿ ಎಂದು ಕೇಳುವ ಬದಲು, ಎರಡೂ ಹಾಳೆಗಳನ್ನು ಹಿಡಿದುಕೊಂಡು ಹೋಗಿ ಕಾರಣವನ್ನೇ ಹೊಸದಾಗಿ ತಪಾಸಣೆ ಮಾಡಿಸಿ.